ಗುಡ್ಡದ ಮಲ್ಲಿಗೆಗೆ ಹತ್ತಿದ ತುಕ್ಕು

ಉಲ್ಲಾಳದ ಕೆರೆಯ ಆಚೆಗಿದ್ದ ಕುರುಚಲು ಗುಡ್ಡದಲ್ಲಿ ಆ ವರ್ಷ ಕಾಡುಮಲ್ಲಿಗೆಯ ಪೊದೆಗಳು ಹೂವಲ್ಲದ ಹೂ ಬಿಟ್ಟಿದ್ದವು. ದೂರದಿಂದ ನೋಡಿದರೆ ಚೆಂದವೇ. ಹಸಿರಿನ ನಡುವೆ ಅಲ್ಲಲ್ಲಿ ಕಿತ್ತಳೆ ಬಣ್ಣದ ಗೊಂಚಲುಗಳು. ಹತ್ತಿರ ಹೋದಾಗಲೇ ಅದು ಹೂವಲ್ಲ, ಊದಿಕೊಂಡು ತಿರುಚಿದ ಚಿಗುರು ಎಂದು ತಿಳಿಯುತ್ತಿತ್ತು. ಚಿಗುರಿನ ಮೈತುಂಬ ಸಾಸಿವೆಗಿಂತ ಚಿಕ್ಕ ಬಟ್ಟಲುಗಳು, ಬಟ್ಟಲುಗಳ ತುಂಬ ನುಣ್ಣನೆಯ ಕಿತ್ತಳೆ ಪುಡಿ. ಬೆರಳು ತಾಗಿದರೆ ಸಾಕು, ಹೊಗೆಯಂತೆ ಏಳುತ್ತಿತ್ತು. ಇನ್ನೂ ಎಳೆಯ ಚಿಗುರುಗಳಲ್ಲಿ ಪುಡಿಯ ಬದಲು ಜೇನಿನ ಹನಿಗಳಂಥವು ಇರುತ್ತಿದ್ದವು. ಅದಕ್ಕೆ ಇರುವೆ, ನೊಣ ಮುತ್ತುತ್ತಿದ್ದವು. ನಿಜವಾದ ಮಲ್ಲಿಗೆಯ ಕಂಪಿನೊಳಗೆ ಈ ಸುಳ್ಳು ಜೇನಿನ ಸಿಹಿ ಬೆರೆತು, ಮೋಡದ ಬೆಳಗುಗಳಲ್ಲಿ ಇಡೀ ಗುಡ್ಡ ನಿದ್ದೆಯಲ್ಲಿ ಉಸಿರಾಡುತ್ತಿರುವಂತೆ ಅನಿಸುತ್ತಿತ್ತು.

ಅದು ತುಕ್ಕು ರೋಗ. ಗಿಡದ ಒಳಗೇ ಬದುಕಿ, ಗಿಡದ ರಸವನ್ನೇ ಉಂಡು, ಹೂವಾಗಬೇಕಾದದ್ದನ್ನು ತನ್ನ ಬಟ್ಟಲಾಗಿ ಮಾಡಿಕೊಳ್ಳುವ ಒಂದು ಶಿಲೀಂಧ್ರ. ಐವತ್ತರ ದಶಕದ ನಡುವಿನ ಮಾತು. ನಾನು ಸಸ್ಯಶಾಸ್ತ್ರದಲ್ಲಿ ಬಿ.ಎಸ್ಸಿ. ಮುಗಿಸಿ, ಊರಿನಲ್ಲಿದ್ದ ಒಂದು ಸರ್ಕಾರಿ ಸಸ್ಯರೋಗ ಪ್ರಯೋಗಾಲಯದಲ್ಲಿ ಸಹಾಯಕಿಯಾಗಿದ್ದೆ. ನನ್ನನ್ನು ಆ ಗುಡ್ಡಕ್ಕೆ ಕಳಿಸಿದ್ದು ಒಂದು ದೂರು. ಗುಡ್ಡದ ಬುಡದಲ್ಲಿ, ಕೆಂಗೇರಿಗೆ ಹೋಗುವ ದಾರಿಯ ಮಗ್ಗುಲಲ್ಲಿ, ಒಬ್ಬ ಹಿರಿಯರ ಜಾಜಿ ತೋಟವಿತ್ತು. ಎರಡು ಮಳೆಗಾಲಗಳಿಂದ ಅದರಲ್ಲೂ ಇದೇ ತುಕ್ಕು ಕಾಣಿಸಿಕೊಂಡಿತ್ತು. ರೋಗ ಗುಡ್ಡದಿಂದ ಇಳಿದು ಬರುತ್ತಿದೆ, ಪೊದೆಗಳನ್ನೆಲ್ಲ ಸುಟ್ಟು ಹಾಕಲು ಅಪ್ಪಣೆ ಬೇಕು ಎಂಬುದು ಅವರ ಕೋರಿಕೆ.

ಬೆಳಗಿನ ಪ್ಯಾಸೆಂಜರ್ ರೈಲಿನಲ್ಲಿ ಕೆಂಗೇರಿಗೆ ಹೋಗಿ, ಅಲ್ಲಿಂದ ರಾಗಿ ಹೊಲಗಳ ನಡುವೆ ನಡೆಯುತ್ತಿದ್ದೆ. ಮೊದಲ ದಿನ ತೋಟದ ಯಜಮಾನರು ಬೇಲಿಯ ಬಳಿಯೇ ಕಾದಿದ್ದರು. ಎತ್ತರದ ಆಳು, ತಲೆಗೆ ಕೆಂಪಂಚಿನ ರುಮಾಲು. ಒಂಟಿ ಹೆಂಗಸು ಬಂದದ್ದು ನೋಡಿ ಅವರಿಗೆ ಸೋಜಿಗವಾಗಿದ್ದಿರಬೇಕು, ಆದರೂ ನೇರವಾಗಿ ಬಳ್ಳಿಗಳ ಕಡೆ ಕರೆದುಕೊಂಡು ಹೋದರು.

"ನೋಡಿ ಅಮ್ಮಾವ್ರೆ," ಎಂದು ಒಂದು ಬಳ್ಳಿಯನ್ನು ಬಗ್ಗಿಸಿ ತೋರಿಸಿದರು. "ಮೊಗ್ಗು ಬರೋ ಜಾಗದಾಗೆ ಇಂಥದ್ದು ಬತ್ತದೆ. ಮ್ಯಾಗಿಂದ ಗಾಳಿ ಬೀಸ್ತದಲ್ಲ, ಅದ್ರ ಜೊತೆ ಇಳೀತದೆ. ಆ ಗುಡ್ಡ ಸುಟ್ರೆ ನನ್ ತ್ವಾಟ ಉಳೀತದೆ."

"ಗುಡ್ಡದ ಹೂವನ್ನ ಯಾರೂ ಕೊಯ್ಯಲ್ವ?"

"ಕೊಯ್ತಾರೆ. ಬ್ಯಾಸಗೇಲಿ ಉಲ್ಲಾಳದ ಹೆಣ್ಮಕ್ಳು ಕೊಯ್ದು ಕೆಂಗೇರಿ ಸಂತೆಗೆ ತಗೊಂಡು ಹೋಯ್ತಾರೆ. ಪಾಪ, ಅವ್ರಿಗೂ ಅದೇ ಆಸ್ರೆ. ನಾನೇನ್ ಮಾಡ್ಲಿ ಹೇಳಿ?"

ಅವರು ಕೆಟ್ಟ ಮನುಷ್ಯರಲ್ಲ. ಸುತ್ತಲಿನ ಊರುಗಳಲ್ಲಿ ಜಾಜಿ ಬೇಕೆಂದವರು ಬಂದು ನಿಲ್ಲುತ್ತಿದ್ದದ್ದು ಇವರ ತೋಟದ ಮುಂದೆ. ಮದುವೆಯಾಗಿ ಹೊಸದಾಗಿ ಬಂದ ಸೊಸೆಯರು, ಮನೆ ಕಟ್ಟಿದವರು, ಯಾರು ಕೇಳಿದರೂ ಒಳ್ಳೆಯ ಬಳ್ಳಿಯಿಂದ ಕಡ್ಡಿ ಕತ್ತರಿಸಿ, ಬಾಳೆಪಟ್ಟೆಯಲ್ಲಿ ಸುತ್ತಿ ಕೊಟ್ಟು ಕಳಿಸುತ್ತಿದ್ದರು. ಕಾಸು ಮುಟ್ಟುತ್ತಿರಲಿಲ್ಲ. ತೀರಿಹೋದ ಅವರ ಹೆಂಡತಿ ನಡೆಸಿಕೊಂಡು ಬಂದಿದ್ದ ರೂಢಿಯಂತೆ ಅದು. ನಾನು ಪ್ರಯೋಗಕ್ಕೆ ಗಿಡ ಬೇಕೆಂದಾಗಲೂ ಹಾಗೆಯೇ, ತೋಟದಲ್ಲೆಲ್ಲ ತಿರುಗಿ, ಚುಕ್ಕೆಯೂ ಇಲ್ಲದ ಬಳ್ಳಿಗಳನ್ನು ಆರಿಸಿ ಕೊಟ್ಟರು.

ಕೆಲಸ ಕೇಳಲು ಸುಲಭ. ಗುಡ್ಡದ ಮಲ್ಲಿಗೆಯ ಪುಡಿಯನ್ನು ಜಾಜಿಯ ಎಳೆ ಎಲೆಗಳಿಗೆ ಸವರಬೇಕು, ರೋಗ ಹತ್ತುತ್ತದೆಯೋ ಇಲ್ಲವೋ ನೋಡಬೇಕು. ಹತ್ತಿದರೆ ಗುಡ್ಡ ಸುಡಲಿ, ಹತ್ತದಿದ್ದರೆ ಬಿಡಲಿ. ಕಡ್ಡಿಗಳು ಬೇರುಬಿಟ್ಟು ಚಿಗುರುವ ತನಕ ಕಾದೆ. ಮೃದುವಾದ ಕುಂಚದಿಂದ ಪುಡಿ ಸವರಿ, ನೀರು ಸಿಂಪಡಿಸಿ, ಪ್ರತಿ ಕುಂಡದ ಮೇಲೂ ದೊಡ್ಡ ಗಾಜಿನ ಮುಚ್ಚಳ ಬೋರಲು ಹಾಕಿದೆ. ಬೀಜಕಣ ಮೊಳೆಯಲು ಎಲೆಯ ಮೇಲೆ ತೇವ ನಿಲ್ಲಬೇಕು. ಮೊದಲ ಸಲ ಅದೇ ಆಗಲಿಲ್ಲ. ಮಳೆ ಕೈಕೊಟ್ಟು, ಬಿಸಿಲು ಜೋರಾಗಿ, ಮುಚ್ಚಳದೊಳಗೆ ಎಲೆಗಳು ಬೆಂದು ಉದುರಿದವು.

ಎರಡನೆಯ ಸಲ ಕುಂಡಗಳನ್ನು ಪ್ರಯೋಗಾಲಯದ ಹಿಂದಿನ ನೆರಳಿಗೆ ಒಯ್ದು, ಮುಚ್ಚಳದ ಒಳಗೋಡೆಗೆ ಒದ್ದೆ ಕಾಗದ ಅಂಟಿಸಿದೆ. ಒಂದಷ್ಟು ಗಿಡಗಳಿಗೆ ಪುಡಿ ಸವರದೆ, ಹೋಲಿಕೆಗೆಂದು ಹಾಗೆಯೇ ಬಿಟ್ಟೆ. ಆ ದಿನಗಳಲ್ಲಿ ಒಂದು ಗಾಜಿನ ಪಟ್ಟಿಯ ಮೇಲೆ ನೀರಿನ ಹನಿ ಇಟ್ಟು, ಅದರೊಳಗೆ ಪುಡಿ ಉದುರಿಸಿ, ಸೂಕ್ಷ್ಮದರ್ಶಕದಲ್ಲಿ ನೋಡುತ್ತ ಕೂರುತ್ತಿದ್ದೆ. ಪ್ರತಿಯೊಂದು ಕಣವೂ ಒಂದು ಪುಟ್ಟ ಬಂಗಾರದ ಗುಂಡು. ಸ್ವಲ್ಪ ಹೊತ್ತಿನ ಮೇಲೆ ಅದರ ಪಕ್ಕದಿಂದ ಒಂದು ಎಳೆ ಹೊರಡುತ್ತಿತ್ತು. ಬಂಗಾರವೆಲ್ಲ ಆ ಎಳೆಯೊಳಗೆ ಹರಿದು, ಹಿಂದೆ ಬರಿಯ ಚಿಪ್ಪು ಉಳಿಯುತ್ತಿತ್ತು. ಎಳೆ ಕುರುಡನ ಕೈಯಂತೆ ಅತ್ತ ಇತ್ತ ತಡವುತ್ತ ಹೋಗುತ್ತಿತ್ತು. ಎಲೆಯ ಮೇಲಾಗಿದ್ದರೆ ಅದು ಹುಡುಕುತ್ತಿದ್ದದ್ದು ಎಲೆ ಉಸಿರಾಡುವ ಸಣ್ಣ ಬಾಗಿಲನ್ನು. ಇಲ್ಲಿ ಬಾಗಿಲಿಲ್ಲ, ನೀರು ಮಾತ್ರ. ತಲೆ ಎತ್ತಿದಾಗ ಹೊರಗೆ ಮಳೆ ಹಿಡಿದಿರುತ್ತಿತ್ತು, ಯಾವಾಗ ಶುರುವಾಯಿತೆಂದು ನನಗೆ ತಿಳಿದಿರುತ್ತಿರಲಿಲ್ಲ.

ಕೊನೆಗೆ ರೋಗ ಬಂತು. ಪುಡಿ ಸವರಿದ ಗಿಡಗಳಲ್ಲಿ ಕೆಲವಕ್ಕೆ ಬಂತು. ಪುಡಿಯನ್ನೇ ಸವರದೆ ಬಿಟ್ಟವುಗಳಲ್ಲೂ ಕೆಲವಕ್ಕೆ ಬಂತು.

ಪ್ರಯೋಗಾಲಯದ ಮುಖ್ಯಸ್ಥರಾಗಿದ್ದ ನಮ್ಮ ಸಾಹೇಬರು ಕುಂಡಗಳ ಸುತ್ತ ಒಂದು ಸುತ್ತು ಬಂದು ಕನ್ನಡಕ ತೆಗೆದರು. ನಿಧಾನದ ಮನುಷ್ಯರು, ನ್ಯಾಯವಂತರು, ಆದರೆ ಅವರ ಮೇಜಿನ ಮೇಲೆ ಇಂಥ ಕೆಲಸ ಬೇಕಾದಷ್ಟಿತ್ತು.

"ಪುಡಿ ಹಾಕದೆ ಇರೋದಕ್ಕೂ ಬಂದಿದೆ ಅಂದ್ರೆ ಗಾಳೀಲಿ ಹಾರಿ ಬಂದಿದೆ ಅಂತ ತಾನೆ? ಗುಡ್ಡದ್ದೇ ಕಾಯಿಲೆ ಅಂತ ಬರೆದುಬಿಡಿ."

"ಗುಡ್ಡ ಇಲ್ಲಿಂದ ಎಷ್ಟು ದೂರ ಇದೆ ಸಾರ್."

"ನಿಮ್ಮ ಸೀರೆ ಸೆರಗಿನ ಮೇಲೆ ಬಂದಿರಬಹುದಲ್ಲ? ವಾರ ವಾರ ಅಲ್ಲಿಗೆ ಹೋಗಿ ಬರ್ತೀರಿ."

ನಿಜವಾಗಿಯೂ ಸೆರಗಿನ ಅಂಚಿನಲ್ಲಿ ಎಷ್ಟೋ ಸಲ ಆ ಕಿತ್ತಳೆ ಬಣ್ಣ ನೋಡಿದ್ದೆ. ಸ್ವಲ್ಪ ಕಾಲಾವಕಾಶ ಕೇಳಿದೆ. ಗುಡ್ಡದ ಹುಲ್ಲು ಒಣಗುವ ತನಕ ಬೆಂಕಿ ಹಾಕಲು ಹೇಗೂ ಆಗುವುದಿಲ್ಲ, ಅಲ್ಲಿಯವರೆಗೆ ಮಾಡಿ ಎಂದರು.

ಆಮೇಲಿನ ಕೆಲವು ದಿನ ನನಗೆ ದಾರಿ ಕಾಣಲಿಲ್ಲ. ರೋಗ ಹೊರಗಿಂದ ಬಂದಿರಬೇಕು, ಇಲ್ಲವೇ ಕಡ್ಡಿಯೊಳಗೆ ಮೊದಲೇ ಇದ್ದಿರಬೇಕು. ಕಡ್ಡಿಗಳು ಚೊಕ್ಕವಾಗಿದ್ದವಲ್ಲ ಎಂದು ಮನಸ್ಸು ಹೇಳುತ್ತಿತ್ತು. ಅದನ್ನು ಪರೀಕ್ಷಿಸಬೇಕೆಂದರೆ ಗಾಳಿಯಲ್ಲಿ ಒಂದು ಕಣವೂ ಇಲ್ಲದ ಜಾಗ ಬೇಕು. ಪ್ರಯೋಗಾಲಯದ ಅಂಗಳದಲ್ಲೇ ಬಗೆಬಗೆಯ ಮಲ್ಲಿಗೆ ಇತ್ತು. ಊರಿನಲ್ಲಿ ಮಲ್ಲಿಗೆಯಿಲ್ಲದ ಬೀದಿ ಎಲ್ಲಿದೆ?

ಒಂದು ಸಂಜೆ ಬಸ್ಸಿಳಿದು ಮನೆಗೆ ನಡೆಯುತ್ತಿದ್ದಾಗ ಅದು ಕಣ್ಣೆದುರಿಗೇ ಇತ್ತು. ನಾವು ಆಗಷ್ಟೇ ರಾಜಾಜಿನಗರಕ್ಕೆ ಬಂದಿದ್ದೆವು. ನಮ್ಮ ರಸ್ತೆಯಲ್ಲಿ ಎದ್ದಿದ್ದ ಮನೆಗಳೇ ಕಡಿಮೆ, ಉಳಿದದ್ದೆಲ್ಲ ಸೈಟಿನ ಕಲ್ಲು ನೆಟ್ಟ ಕೆಂಪು ಬಯಲು. ಒಂದು ಮರವೂ ಇರಲಿಲ್ಲ, ಯಾರ ಮನೆಯ ಮುಂದೂ ಒಂದು ಬಳ್ಳಿ ಹಬ್ಬಿರಲಿಲ್ಲ. ಅಮ್ಮ ದಿನವೂ ಗೊಣಗುತ್ತಿದ್ದದ್ದು ಇದಕ್ಕೇ, ದೇವರಿಗೆ ಒಂದು ಹೂ ಬೇಕೆಂದರೂ ಮಲ್ಲೇಶ್ವರದ ಮಾರುಕಟ್ಟೆಗೆ ಹೋಗಬೇಕು ಎಂದು. ಮುಳುಗುವ ಹೊತ್ತಿನ ಬೆಳಕಿನಲ್ಲಿ ಆ ಬಯಲು ಆಗಷ್ಟೇ ತೊಳೆದಿಟ್ಟ ತಟ್ಟೆಯಂತೆ ಕಂಡಿತು. ಇಷ್ಟು ಬರಡಾದ, ಇಷ್ಟು ಶುದ್ಧವಾದ ಜಾಗ ನನಗೆ ಬೇರೆಲ್ಲೂ ಸಿಗುತ್ತಿರಲಿಲ್ಲ. ಪ್ರಯೋಗವನ್ನು ನಮ್ಮ ಮನೆಯ ತಾರಸಿಗೆ ತರುವುದೆಂದು ಅಲ್ಲಿಯೇ ನಿರ್ಧರಿಸಿದೆ.

ಮರುದಿನ ಸಾಹೇಬರು ನಕ್ಕರು, ಆದರೆ ಒಪ್ಪಿದರು. ಕಾಮಾಕ್ಷಿಪಾಳ್ಯದ ಕಡೆಯ ಮೇದರವರಿಂದ ಬಿದಿರಿನ ಎರಡು ಗೂಡು ಕಟ್ಟಿಸಿ, ಸುತ್ತ ತೆಳುವಾದ ಮಲ್ ಬಟ್ಟೆ ಹೊಲಿದೆ. ಕುಂಡದ ಮಣ್ಣನ್ನು ಹಂಡೆಯಲ್ಲಿ ಬೇಯಿಸಿದೆ. ಒಂದು ಗೂಡಿನಲ್ಲಿ ಕೆಂಗೇರಿಯ ತೋಟದ ಕಡ್ಡಿಗಳು, ಕಣ್ಣಿಗೆ ಏನೂ ಕಾಣದ ಆರೋಗ್ಯವಂತ ಬಳ್ಳಿಗಳಿಂದ ಕತ್ತರಿಸಿದವು. ಇನ್ನೊಂದರಲ್ಲಿ ತುಮಕೂರಿನ ಚಿಕ್ಕಮ್ಮನ ಮನೆಯಿಂದ ತರಿಸಿದ ಜಾಜಿ. ಅಲ್ಲಿ ಈ ರೋಗವನ್ನು ಕಂಡವರೇ ಇರಲಿಲ್ಲ. ನಾನು ಕೆಂಗೇರಿಗೆ ಹೋಗಿಬಂದ ದಿನ ತಾರಸಿಯ ಮೆಟ್ಟಿಲು ಹತ್ತುತ್ತಿರಲಿಲ್ಲ. ಅಂದು ನೀರು ಹಾಕುವುದು ಅಮ್ಮನ ಕೆಲಸ.

"ಹೂ ಬಿಟ್ರೆ ದೇವರಿಗೆ ಕೊಡ್ತೀಯೇನೇ?" ಎಂದು ಅಮ್ಮ ಕೇಳಿದರು.

"ಮುಟ್ಟಬೇಡಮ್ಮ. ಕೆಲಸ ಮುಗೀಲಿ."

"ಮನೇಲಿ ಜಾಜಿ ಇಟ್ಕೊಂಡು ಹೂ ಕೊಂಡ್ಕೊಂಡು ಬರ್ಬೇಕು. ನಿನ್ನ ಸರ್ಕಾರಿ ಕೆಲಸ ಚೆನ್ನಾಗಿದೆ ಕಣೇ."

ಹೀಗೆ ಅನ್ನುತ್ತಲೇ ಅವರು ದಿನವೂ ಅವುಗಳ ಮುಂದೆ ಸ್ವಲ್ಪ ಹೊತ್ತು ನಿಲ್ಲುತ್ತಿದ್ದರು. ಸಂಜೆಗಳಲ್ಲಿ ಆ ಬಿಳಿಯ ಗೂಡುಗಳು ಒಳಗೊಂದು ದೀಪ ಹಚ್ಚಿಟ್ಟಂತೆ ಕಾಣುತ್ತಿದ್ದವು. ಬಯಲಿನಲ್ಲಿ ತಿರುಗಾಡಲು ಬಂದವರು ಕತ್ತೆತ್ತಿ ನೋಡುತ್ತಿದ್ದರು. ಗಾಳಿ ಬಂದಾಗ ಬಟ್ಟೆ ಉಬ್ಬಿ, ಮತ್ತೆ ಇಳಿಯುತ್ತಿತ್ತು. ಕಡ್ಡಿಗಳು ಬೇರುಬಿಟ್ಟವು, ಚಿಗುರಿದವು. ಎರಡು ಗೂಡುಗಳಿಗೂ ಒಂದು ಕೂದಲೆಳೆಯ ವ್ಯತ್ಯಾಸವೂ ಇರಲಿಲ್ಲ. ಕಡ್ಡಿಯೊಳಗೇ ರೋಗವಿರಬಹುದೆಂಬ ಊಹೆ ತಪ್ಪೆಂದು ಅಂದುಕೊಳ್ಳುವ ಹೊತ್ತಿಗೆ, ನಾನು ಕೆಂಗೇರಿಯಿಂದ ಬಂದು ಕಾಲು ತೊಳೆಯುತ್ತಿದ್ದ ಒಂದು ಸಂಜೆ, ಅಮ್ಮ ಮೆಟ್ಟಿಲ ಮೇಲಿಂದ ಕರೆದರು.

"ಬಾರೇ ಇಲ್ಲಿ. ಒಂದು ಗೂಡಿನಲ್ಲಿ ಏನೋ ಜೇನಿನ ವಾಸನೆ ಬರ್ತಾ ಇದೆ."

ಸ್ನಾನ ಮಾಡಿ, ಬಟ್ಟೆ ಬದಲಾಯಿಸಿ, ಅಂದು ಮಾತ್ರ ನಿಯಮ ಮುರಿದು ತಾರಸಿ ಹತ್ತಿದೆ. ಕೆಂಗೇರಿಯ ಗೂಡು. ಒಂದು ಚಿಗುರಿನ ತುದಿ ದಪ್ಪವಾಗಿ ಬಾಗಿತ್ತು. ಅದರ ಮೇಲೆ ಜೇನಿನ ಹನಿಗಳು. ಆ ಕೆಂಪು ಬಯಲಿನ ನಡುವೆ, ಬೇಯಿಸಿದ ಮಣ್ಣಿನಲ್ಲಿ, ಬಟ್ಟೆಯ ಒಳಗೆ, ಗುಡ್ಡದ ಆ ಸಿಹಿ ವಾಸನೆ ಎದ್ದಿತ್ತು. ಮುಂದಿನ ದಿನಗಳಲ್ಲಿ ಒಂದರ ಹಿಂದೆ ಒಂದು ಕಡ್ಡಿ ಹಾಗೆಯೇ ತಿರುಚಿಕೊಂಡಿತು. ತುಮಕೂರಿನ ಜಾಜಿ ಪಕ್ಕದಲ್ಲೇ ತಿಳಿಹಸಿರಾಗಿ ನಿಂತಿತ್ತು.

ಆದರೆ ಅರ್ಧ ಪ್ರಶ್ನೆ ಮಾತ್ರ ಬಗೆಹರಿದಿತ್ತು. ಕಡ್ಡಿಯೊಳಗೆ ರೋಗವಿದೆ ಸರಿ, ಗುಡ್ಡದಿಂದಲೂ ಬರಬಹುದಲ್ಲ? ತುಮಕೂರಿನ ಇನ್ನಷ್ಟು ಜಾಜಿಯನ್ನು ಪ್ರಯೋಗಾಲಯಕ್ಕೆ ಒಯ್ದು, ಗಾಜಿನ ಮುಚ್ಚಳದ ಕೆಳಗೆ ಕೆಲವಕ್ಕೆ ಗುಡ್ಡದ ಪುಡಿ, ಕೆಲವಕ್ಕೆ ತೋಟದ ಪುಡಿ ಸವರಿದೆ. ತೋಟದ ಪುಡಿ ಸವರಿದವು ರೋಗ ಹಿಡಿದು ಊದಿಕೊಂಡವು. ಗುಡ್ಡದ ಪುಡಿ ಸವರಿದವುಗಳಲ್ಲಿ ಹಳದಿಯ ಸಣ್ಣ ಚುಕ್ಕೆ ಬಿದ್ದು, ಅಲ್ಲೇ ಒಣಗಿತು. ಬಟ್ಟಲು ಕಟ್ಟಲಿಲ್ಲ. ನಂಬದೆ ಮತ್ತೊಮ್ಮೆ ಮಾಡಿದೆ. ಆಗಲೂ ಅಷ್ಟೇ. ನೋಡಲು ಒಂದೇ ತೆರನಾದರೂ ಇವು ಎರಡು ಬೇರೆ ತುಕ್ಕುಗಳು, ಗುಡ್ಡದ್ದು ತನ್ನ ಮನೆ ಬಿಟ್ಟು ಜಾಜಿಯಲ್ಲಿ ನೆಲೆಯೂರುತ್ತಿರಲಿಲ್ಲ.

ಕೊನೆಗೆ ತೋಟದ ಒಂದು ಆರೋಗ್ಯವಂತ ಕಡ್ಡಿಯ ಗಿಣ್ಣನ್ನು ಮೆತ್ತನೆಯ ಬೆಂಡಿನ ಎರಡು ತುಂಡುಗಳ ನಡುವೆ ಹಿಡಿದು, ಕ್ಷೌರದ ಕತ್ತಿಯಿಂದ ಕಾಗದಕ್ಕಿಂತ ತೆಳುವಾಗಿ ಸೀಳಿ, ಶಿಲೀಂಧ್ರವನ್ನು ಎತ್ತಿ ತೋರಿಸುವ ನೀಲಿ ಬಣ್ಣ ಹಾಕಿ ನೋಡಿದೆ. ಹಲವು ಸಲ ಕೆಟ್ಟ ಮೇಲೆ ಒಂದು ಸೀಳು ಸರಿಯಾಗಿ ಬಂತು. ಮೊಗ್ಗಿನ ಬುಡದಲ್ಲಿ, ಜೀವಕೋಶಗಳ ಸಂದಿಯಲ್ಲಿ, ನೀಲಿ ನೂಲಿನ ಎಳೆಗಳು ಮಲಗಿದ್ದವು. ಕೋಶಗಳ ಒಳಕ್ಕೆ ಸಣ್ಣ ಬೆರಳು ಚಾಚಿ, ಏನೂ ಆಗದವರಂತೆ. ಗಿಡ ಚಿಗುರುವುದನ್ನೇ ಕಾಯುತ್ತಿದ್ದವು. ಸಾಹೇಬರನ್ನು ಕರೆದು ತೋರಿಸಿದೆ. ಅವರು ಬಹಳ ಹೊತ್ತು ನೋಡಿದರು.

"ಹಾಗಾದ್ರೆ ಸುಡಬೇಕಾದ್ದು ತೋಟ," ಎಂದರು.

"ಹೌದು ಸಾರ್."

"ವರದಿ ನಾನು ಕಳಿಸ್ತೀನಿ. ಅದು ತಲುಪೋಕೆ ಮುಂಚೆ ತೋಟದವರಿಗೆ ನೀವೇ ಹೋಗಿ ಹೇಳೋದು ಒಳ್ಳೇದು."

ಆ ಬೆಳಗ್ಗೆ ಕೆಂಗೇರಿಯಲ್ಲಿ ಮಂಜು ಎಷ್ಟು ದಟ್ಟವಾಗಿತ್ತೆಂದರೆ ರೈಲು ಬಿಟ್ಟುಹೋದ ಮೇಲೆ ಅದರ ಸದ್ದು ಮಾತ್ರ ಉಳಿಯಿತು. ಗುಡ್ಡ ಉಳಿಯಿತೆಂಬ ಸಂತೋಷ ದಾರಿಯುದ್ದಕ್ಕೂ ಇರಬೇಕಿತ್ತು. ಇರಲಿಲ್ಲ. ಕಡ್ಡಿಯೊಳಗೆ ರೋಗ ಎನ್ನುವ ಮಾತಿನ ಅರ್ಥ ತೋಟಕ್ಕೆ ಮಾತ್ರ ನಿಲ್ಲುವುದಿಲ್ಲವೆಂದು ನನಗೆ ಗೊತ್ತಿತ್ತು, ಕೇಳಿದೊಡನೆ ಯಜಮಾನರಿಗೂ ಗೊತ್ತಾಗುತ್ತಿತ್ತು.

ಜಗಲಿಯ ಮೇಲೆ ಕೂತು ಎಲ್ಲವನ್ನೂ ಹೇಳಿದೆ. ತಾರಸಿಯ ಗೂಡು, ತುಮಕೂರಿನ ಜಾಜಿ, ನೀಲಿ ಎಳೆಗಳು. ಯಜಮಾನರು ಎಲ್ಲ ಕೇಳಿ ರುಮಾಲು ತೆಗೆದು ಮಂಡಿಯ ಮೇಲಿಟ್ಟುಕೊಂಡರು.

"ಚೆನ್ನಾಗಿರೋ ಕಡ್ಡೀಲೂ ಇರ್ತದಾ ಅಮ್ಮಾವ್ರೆ?"

"ಇರತ್ತೆ. ಕಣ್ಣಿಗೆ ಕಾಣಲ್ಲ."

"ಆರಿಸಿ ಆರಿಸಿ ಕೊಟ್ನಲ್ಲ."

ಅವರು ಬೆರಳು ಮಡಚಿ ಎಣಿಸತೊಡಗಿದರು.

"ಮೂಡಲಪಾಳ್ಯಕ್ಕೆ ಕೊಟ್ಟಿವ್ನಿ. ನಾಗರಬಾವಿಗೆ. ಉಲ್ಲಾಳದಾಗೆ ಮನೆಮನೇಲೂ ಐತೆ. ನಮ್ಮವಳು ಇದ್ದಾಗ ಯಾರನ್ನೂ ಬರಿಗೈಲಿ ಕಳಿಸ್ತಿರ್ಲಿಲ್ಲ." ಅವರು ಮಂಜಿನೊಳಗೆ ತೋಟವಿದ್ದ ಕಡೆ ನೋಡಿದರು. "ಅವಳ ಕಾಲದಾಗೇ ಇತ್ತಾ ಇದು?"

"ಇರಲಿಕ್ಕಿಲ್ಲ. ಎರಡು ಮಳೆಗಾಲದಿಂದ ತಾನೆ ಕಾಣಿಸಿದ್ದು? ಹೊಸ ಗಿಡ ಏನಾದ್ರೂ ತಂದಿದ್ರಾ?"

ತಂದಿದ್ದರು. ಹೆಂಡತಿ ತೀರಿಹೋದ ಮೇಲೆ ಒಣಗಿದ ಬಳ್ಳಿಗಳ ಜಾಗಕ್ಕೆ ಸಂತೆಯಲ್ಲಿ ಸಿಕ್ಕ ಗಿಡಗಳನ್ನು ತಂದು ನೆಟ್ಟಿದ್ದರಂತೆ. ಅದನ್ನು ಹೇಳಿದ ಮೇಲೆ ಅವರ ಮುಖ ಸ್ವಲ್ಪ ಹಗುರಾದಂತೆ ಕಂಡಿತು. ಅವಳ ಕೈಯಿಂದ ಹೋದದ್ದು ಚೊಕ್ಕವಾಗಿತ್ತು ಎನ್ನುವಷ್ಟು ಸಮಾಧಾನ.

ತೋಟವನ್ನು ಅವರೇ ಕಿತ್ತರು, ಆಳುಗಳನ್ನು ಕರೆಯಲಿಲ್ಲ. ಹಸಿ ಬಳ್ಳಿ ಬೇಗ ಹತ್ತಿಕೊಳ್ಳಲಿಲ್ಲ, ಬಿಳಿಯ ಹೊಗೆ ಕೆರೆಯ ಮೇಲೆ ಮಲಗಿಕೊಂಡು ಮಧ್ಯಾಹ್ನದ ತನಕ ಕದಲಲಿಲ್ಲ. ಗುಡ್ಡದ ಕಡೆ ಅವರು ತಿರುಗಿಯೂ ನೋಡಲಿಲ್ಲ. ಕೈ ತೊಳೆದು ಬಂದು, "ನಾಳೆ ಗಾಡಿ ಕಟ್ತೀನಿ. ನೀವೂ ಬರ್ಬೇಕು. ನಾನು ಹೇಳಿದ್ರೆ ಮುದುಕನಿಗೆ ತಲೆ ಕೆಟ್ಟೈತೆ ಅಂತಾರೆ," ಎಂದರು.

ಹೀಗೆ ನಾವಿಬ್ಬರೂ, ಸಂತೆಯ ಗಿಡಗಳು ಬಂದ ಮೇಲೆ ಕಡ್ಡಿ ಹೋದ ಮನೆಗಳನ್ನು ಹುಡುಕಿಕೊಂಡು, ಎತ್ತಿನ ಗಾಡಿಯಲ್ಲಿ ಊರೂರು ತಿರುಗಿದೆವು. ಇದು ನನ್ನ ಕೆಲಸದ ಭಾಗವಾಗಿರಲಿಲ್ಲ. ಸಾಹೇಬರು ಕೇಳಲೂ ಇಲ್ಲ, ಬೇಡವೆನ್ನಲೂ ಇಲ್ಲ. ಯಜಮಾನರು ಬಾಗಿಲಲ್ಲಿ ನಿಂತು ಎಲ್ಲ ಕಡೆಯೂ ಒಂದೇ ಮಾತು ಹೇಳುತ್ತಿದ್ದರು: "ನಾನು ಕೊಟ್ಟ ಕಡ್ಡೀಲಿ ಕಾಯಿಲೆ ಐತಂತೆ ಕಣವ್ವ. ವಾಪಸ್ ತಗೊಂಡು ಹೋಗಕ್ಕೆ ಬಂದಿವ್ನಿ." ಕೆಲವರು ನಕ್ಕರು. ಕೆಲವರು ಕೊಟ್ಟದ್ದನ್ನು ಕಿತ್ತುಕೊಳ್ಳುವುದುಂಟೇ ಎಂದು ಮುಖ ತಿರುಗಿಸಿದರು. ತಿರುಚಿದ ಚಿಗುರನ್ನು ತೋರಿಸಿ ವಿವರಿಸುವುದು ನನ್ನ ಪಾಲು. ಹೆಚ್ಚಿನವರು ಕೊನೆಗೆ ಒಪ್ಪುತ್ತಿದ್ದರು. ಕಿತ್ತದ್ದನ್ನು ಅಲ್ಲಿಯೇ, ಬೀದಿಯಲ್ಲಿ ಸುಡುತ್ತಿದ್ದೆವು.

ಮೂಡಲಪಾಳ್ಯದ ಒಂದು ಮನೆಯಲ್ಲಿ ಬಳ್ಳಿ ಬಾಗಿಲ ಚಪ್ಪರಕ್ಕೆ ಹಬ್ಬಿ ಮೈತುಂಬ ಅರಳಿತ್ತು. ರೋಗದ ಗುರುತೇ ಇರಲಿಲ್ಲ. ಮನೆಯಾಕೆ ಇಪ್ಪತ್ತರ ಆಸುಪಾಸಿನ ಹೆಣ್ಣುಮಗಳು, ಮದುವೆಯಾಗಿ ಬಂದ ವರ್ಷ ಯಜಮಾನರೇ ಕೊಟ್ಟ ಕಡ್ಡಿಯಂತೆ.

"ಇದಕ್ಕೇನಾಗೈತೆ ಹೇಳಿ ಅಕ್ಕಾವ್ರೆ," ಎಂದು ನನ್ನನ್ನೇ ಕೇಳಿದಳು. "ಒಂದು ಎಲೆ ಕೂಡ ಕೆಟ್ಟಿಲ್ಲ."

"ಈಗ ಏನೂ ಆಗಿಲ್ಲ," ಎಂದೆ. "ಮುಂದಿನ ಮಳೇಲಿ ಆಗಬಹುದು. ಆಗದೇನೂ ಇರಬಹುದು. ನೋಡಿ ಹೇಳೋಕೆ ಆಗಲ್ಲ."

ಅವಳು ಯಜಮಾನರ ಕಡೆ ತಿರುಗಿದಳು. "ನೀವೇನಂತೀರಿ ದೊಡ್ಡಪ್ಪ?"

ಅವರು ಚಪ್ಪರದ ಕೆಳಗೆ ನಿಂತು ಮೇಲೆ ನೋಡಿದರು. ನೂರಾರು ಹೂಗಳು, ಹಗಲಿನಲ್ಲೂ ಕಂಪು ಕಟ್ಟಿ ನಿಂತಿತ್ತು. "ನಿನ್ ಗಿಡ ಕಣವ್ವ," ಎಂದರು. "ಬ್ಯಾಡ ಅಂದ್ರೆ ಹೊರಟು ಹೋಯ್ತೀನಿ. ಆದ್ರೆ ನಿನ್ನ ಹತ್ರ ಯಾರಾದ್ರೂ ಕಡ್ಡಿ ಕೇಳ್ತಾರೆ. ನೀನೂ ಇಲ್ಲ ಅನ್ನಲ್ಲ."

ಅವಳು ತಲೆ ತಗ್ಗಿಸಿದಳು. ಆಗಲೇ ಯಾರಿಗೋ ಕೊಟ್ಟಾಗಿತ್ತೆಂದು ನಮ್ಮಿಬ್ಬರಿಗೂ ತಿಳಿಯಿತು.

"ಅರಳಿರೋದನ್ನ ಬಿಡಿಸ್ಕೋತೀನಿ," ಎಂದಳು. "ಅಲ್ಲಿ ತನಕ ಕೂತಿರಿ."

ನಾವು ಜಗಲಿಯ ಮೇಲೆ ಕೂತೆವು. ಅವಳು ಮಣೆ ಹಾಕಿಕೊಂಡು ಹತ್ತಿ, ಒಂದೊಂದೇ ಹೂವನ್ನು ಬಿಡಿಸಿ ಮಡಿಲಿಗೆ ಹಾಕಿಕೊಂಡಳು. ನಂತರ ಬಾಳೆನಾರು ತಂದು, ನಮ್ಮ ಪಕ್ಕದಲ್ಲೇ ಕೂತು ಕಟ್ಟಿದಳು. ಯಾರೂ ಅವಸರ ಮಾಡಲಿಲ್ಲ. ಬಿಸಿಲು ಜಗಲಿಯಿಂದ ಗೋಡೆಗೆ ಸರಿಯಿತು. ಎತ್ತುಗಳು ಕಣ್ಣು ಮುಚ್ಚಿ ಮೆಲುಕು ಹಾಕುತ್ತಿದ್ದವು. ಕಟ್ಟಿದ ಹೂವನ್ನು ದೇವರಿಗಿಷ್ಟು ತೆಗೆದಿಟ್ಟು, ತಾನು ಮುಡಿದು, ಅವಳು ಎದ್ದು ನಿಂತಳು.

"ಹೂಂ, ಕೀಳಿ."

ಯಜಮಾನರು ಬುಡವನ್ನು ಎರಡೂ ಕೈಯಿಂದ ಹಿಡಿದು, ಅಲುಗಿಸಿ ಅಲುಗಿಸಿ ಸಡಿಲ ಮಾಡಿ, ಬೇರು ಹರಿಯದಂತೆ ಎತ್ತಿದರು. ಸುಡುವ ಗಿಡವನ್ನು ಅಷ್ಟು ಜೋಪಾನವಾಗಿ ಯಾರೂ ಎತ್ತುವುದಿಲ್ಲ. ಗುಳಿಗೆ ಮಣ್ಣು ಎಳೆದು ಕಾಲಿನಿಂದ ತುಳಿದರು.

"ಇಲ್ಲಿ ಏನ್ ಹಾಕ್ಲಿ ದೊಡ್ಡಪ್ಪ?"

"ಸದ್ಯ ಏನೂ ಹಾಕ್ಬ್ಯಾಡ. ಖಾಲಿ ಇರ್ಲಿ," ಎಂದರು. "ಯಾರಿಗೆ ಕೊಟ್ಟಿದ್ದೆ, ಆ ಮನೆ ತೋರ್ಸು ಬಾ."

ಅವಳು ಬಾಗಿಲಿಗೆ ಚಿಲಕ ಹಾಕಿ ನಮ್ಮ ಮುಂದೆ ನಡೆದಳು.